ಮನುಷ್ಯನಿಗೂ ಒಂದು ಲ್ಯಾಕ್ಟೋಮೀಟರ್

ನಮ್ಮೂರಿನಲ್ಲಿ ಸತ್ಯ ಹೊರಬೀಳುವುದು ದಿನಕ್ಕೆ ಎರಡೇ ಸಲ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ. ಎರಡು ಸಲವೂ ಡೇರಿ ಮುಂದೆ. ಸಾಲಾಗಿ ಕ್ಯಾನು, ಕ್ಯಾನಿನ ಹಿಂದೆ ಸಾಲಾಗಿ ಜನ. ಸೆಕ್ರೆಟರಿ ಗಾಜಿನ ಕಡ್ಡಿಯೊಂದನ್ನು ಹಾಲಿಗೆ ಇಳಿಬಿಡುತ್ತಾನೆ. ಅದು ಒಮ್ಮೆ ಮುಳುಗಿ, ಒಮ್ಮೆ ಎದ್ದು, ಯೋಚನೆ ಮಾಡುವವರಂತೆ ತೂಗಾಡಿ ಒಂದು ಗೆರೆಯ ಹತ್ತಿರ ನಿಲ್ಲುತ್ತದೆ. 28ರ ಆಸುಪಾಸು ನಿಂತರೆ ನೀವು ಸಜ್ಜನರು. 23ಕ್ಕೆ ಕುಸಿದರೆ ಸೆಕ್ರೆಟರಿ ತಲೆ ಕೂಡ ಎತ್ತದೆ, "ಡಿಗ್ರಿ ಬರ್ನಿಲ್ಲ ಕಣಣ್ಣೋ" ಎನ್ನುತ್ತಾನೆ. ಸಾಲಿನಲ್ಲಿರುವ ಮೂವತ್ತು ಜನ ಒಟ್ಟಿಗೆ ಆಕಾಶ ನೋಡುತ್ತಾರೆ. ಮಗ ಎಂಜಿನಿಯರಿಂಗ್ ಡಿಗ್ರಿ ಮುಗಿಸದೆ ಮನೆಗೆ ಬಂದಾಗಲೂ ಇಷ್ಟು ಮಾನ ಹೋಗುವುದಿಲ್ಲ.

ಆ ಕಡ್ಡಿಯ ಹೆಸರು ಲ್ಯಾಕ್ಟೋಮೀಟರ್. ಇಂಥದ್ದೊಂದು ಮನುಷ್ಯನಿಗೂ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಸಾಲಿನಲ್ಲಿ ನಿಂತು ಯೋಚಿಸಿದ್ದೇನೆ. ಹೆಣ್ಣು ನೋಡಲು ಬಂದ ಗಂಡಿನ ಬಾಯಿಗೆ ಇಡಬಹುದಿತ್ತು. ಪಕ್ಷದ ಟಿಕೆಟ್ ಹಂಚುವಾಗ ಇಡಬಹುದಿತ್ತು. ಸೊಸೈಟಿ ಸಾಲಕ್ಕೆ ಜಾಮೀನು ಹಾಕುವ ಮೊದಲು ಭಾವಮೈದನಿಗೆ ಇಡಬಹುದಿತ್ತು. "ಡಿಗ್ರಿ ಬರ್ನಿಲ್ಲ, ಮುಂದಿನವರು ಬನ್ನಿ" ಎಂದರೆ ಮುಗಿಯಿತು.

ಇಂಥ ಸಾಧನವೇ ಇಲ್ಲವೆಂದಲ್ಲ. ಸರ್ಕಾರದ ಬಳಿ ಒಂದಿದೆ, ನಡತೆ ಪ್ರಮಾಣಪತ್ರ. ನಾನು ಶಾಲೆ ಬಿಟ್ಟಾಗ ಟಿ.ಸಿ.ಯಲ್ಲಿ 'ಗುಣ ಮತ್ತು ನಡತೆ' ಎಂಬುದರ ಮುಂದೆ 'ಉತ್ತಮ' ಎಂದು ಬರೆದಿದ್ದರು. ನನ್ನ ಬೆಂಚಿನ ಪಕ್ಕದವನಿಗೂ ಉತ್ತಮ. ಅವನು ಶಾಲೆಯ ಗಂಟೆಯನ್ನೇ ಕದ್ದು ಗುಜರಿಗೆ ಮಾರಿದ್ದ. ಆ ವರ್ಷವೆಲ್ಲ ಗಂಟೆಯ ಬದಲು ರೈಲು ಕಂಬಿಯ ತುಂಡು ಬಾರಿಸುತ್ತಿದ್ದರು. ಮೇಷ್ಟ್ರು ಅವನ ನಡತೆ ಉತ್ತಮವೆಂದು ಬರೆದು ಮುಗಿಸಿದಾಗ ಅದೇ ಕಂಬಿ ಬಾರಿಸಿ ಶಾಲೆ ಬಿಟ್ಟಿತು.

ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಗೆಜೆಟೆಡ್ ಅಧಿಕಾರಿಯಿಂದ ನಡತೆಯ ಬಗ್ಗೆ ಪತ್ರ ತರಬೇಕಾಯಿತು. ಆ ಕಚೇರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಧಿಕಾರಿಗಳು ನನ್ನ ಮುಖ ನೋಡಲಿಲ್ಲ, ಗುಮಾಸ್ತರು ಕಾಗದ ಒಳಗೆ ತೆಗೆದುಕೊಂಡು ಹೋಗಿ ಸಹಿ ಹಾಕಿಸಿ ತಂದರು. 'ಇವರನ್ನು ನಾನು ಮೂರು ವರ್ಷಗಳಿಂದ ಖುದ್ದಾಗಿ ಬಲ್ಲೆ' ಎಂದು ಅದರಲ್ಲಿ ಅಚ್ಚಾಗಿತ್ತು. ನಾನು ಸತ್ಯವಂತನೆಂದು ಸಾಬೀತು ಮಾಡಲು ಮೂರು ಜನ ಸೇರಿ ಒಂದು ಸುಳ್ಳಿಗೆ ಮೊಹರು ಒತ್ತಿದೆವು. ಮೊಹರಿನ ಶಾಯಿ ಖರ್ಚಿಗೆ ಗುಮಾಸ್ತರು ಐವತ್ತು ರೂಪಾಯಿ ಇಸ್ಕೊಂಡರು.

ಈ ಕಥೆ ಹೇಳಿದಾಗ ನಮ್ಮ ದೊಡ್ಡಪ್ಪ ನಕ್ಕುಬಿಟ್ಟರು. ಮೂವತ್ತು ವರ್ಷ ಡೇರಿಗೆ ಹಾಲು ಹಾಕಿದ ಜೀವ ಅದು. "ಪತ್ರ ಹಂಗಿರ್ಲಿ, ಕಡ್ಡಿನೂ ಏಮಾರುಸ್ಬೋದು ಕಣ್ಲಾ" ಎಂದು ಗುಟ್ಟು ಬಿಟ್ಟುಕೊಟ್ಟರು. ಹಾಲಿಗೆ ನೀರು ಬೆರೆಸಿದರೆ ಹಾಲು ಹಗುರಾಗಿ ಕಡ್ಡಿ ಮುಳುಗುತ್ತದೆ, ಡಿಗ್ರಿ ಇಳಿಯುತ್ತದೆ. ಕೆನೆ ತೆಗೆದರೆ ಹಾಲು ಭಾರವಾಗಿ ಕಡ್ಡಿ ಮೇಲೇಳುತ್ತದೆ, ಡಿಗ್ರಿ ಏರುತ್ತದೆ. ಹಾಗಾಗಿ ಮೊದಲು ಕೆನೆ ತೆಗೆದು, ಆಮೇಲೆ ಹದವಾಗಿ ನೀರು ಬೆರೆಸಿದರೆ ಕಡ್ಡಿ 28ಕ್ಕೇ ಬಂದು ನಿಲ್ಲುತ್ತದೆ. ಬರೀ ನೀರು ಹಾಕಿದವನು ಸಿಕ್ಕಿಬೀಳುತ್ತಾನೆ. ಕೆನೆಯನ್ನೂ ತೆಗೆದವನು ಸಂಘದ ವಾರ್ಷಿಕ ಸಭೆಯಲ್ಲಿ ಶಾಲು ಹೊದೆಸಿಕೊಳ್ಳುತ್ತಾನೆ.

ಇದಕ್ಕೇ ಈಗ ಕೆಲವು ಕಡೆ ಜಿಡ್ಡು ಅಳೆಯುವ ಮಿಷನ್ನು ಬಂದಿದೆ. ಮಿಷನ್ನಿಗೆ ತಕ್ಕ ಮದ್ದೂ ಬಂದಿದೆ. 2021ರಲ್ಲಿ ಮಂಡ್ಯ ಹಾಲು ಒಕ್ಕೂಟಕ್ಕೆ ಹಾಲು ಸಾಗಿಸುವ ಟ್ಯಾಂಕರುಗಳ ಹೊಟ್ಟೆಯೊಳಗೆ ನೀರಿಗೆಂದೇ ಒಂದು ಗುಪ್ತ ಕೋಣೆ ಮಾಡಿಸಿದ್ದು ಬಯಲಾದಾಗ ನಮ್ಮ ಸಾಲಿನಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿ ಕಂಡಿತು. ಚೊಂಬು ನೀರಿಗೆ ತಲೆ ತಗ್ಗಿಸಿದವರು ನಾವು! ಟ್ಯಾಂಕರ್ ಲೆಕ್ಕದಲ್ಲಿ ಯೋಚಿಸುವುದನ್ನು ನಮಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ಹಾಲಿನ ದುಡ್ಡು ಹಾಲಿಗೆ, ನೀರಿನ ದುಡ್ಡು ನೀರಿಗೆ ಎಂದು ನಾಣ್ಯ ಹಂಚಿದ ಕೋತಿಯ ಕಥೆ ಎಲ್ಲರಿಗೂ ಗೊತ್ತು. ಆ ಕೋತಿ ಈಗ ಬಂದರೆ ಅದಕ್ಕೆ ಕೊಡಲು ನಾಣ್ಯವೇ ಇಲ್ಲ. ದುಡ್ಡು ನೇರ ಖಾತೆಗೆ ಹೋಗುತ್ತದೆ.

ಅಂದಿನಿಂದ ನಮ್ಮ ಸೀಮೆಯ ಯಾವ ಪುಣ್ಯಕಾರ್ಯ ಕಂಡರೂ ನನಗೆ ದೊಡ್ಡಪ್ಪನ ಸೂತ್ರ ನೆನಪಾಗುತ್ತದೆ. ಕೆನೆ ತೆಗಿ, ನೀರು ಹುಯ್ಯಿ, ಡಿಗ್ರಿ ಸರಿಯಾಗುತ್ತೆ.

ನೀರೆಂದ ಮೇಲೆ ಶ್ರೀರಂಗಪಟ್ಟಣದಿಂದಲೇ ಶುರು ಮಾಡಬೇಕು. ಪೂರ್ವಕ್ಕೆ ಹರಿಯುವ ಕಾವೇರಿ ಪಶ್ಚಿಮವಾಹಿನಿಯಲ್ಲಿ ಮಾತ್ರ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತಾಳೆ. ಅದಕ್ಕೇ ಅಲ್ಲಿ ಅಸ್ಥಿ ಬಿಟ್ಟರೆ ವಿಶೇಷ ಫಲ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನೂ ಅಲ್ಲೇ ಬಿಟ್ಟರು. ಗಾಂಧಿ ಕರಗಿ ಸಮುದ್ರ ಸೇರಿ ಬಹಳ ಕಾಲವಾಯಿತು. ನಾವು ಬಿಟ್ಟದ್ದು ಮಾತ್ರ ಕರಗುತ್ತಿಲ್ಲ. ತೀರಿಹೋದವರ ಪಂಚೆ, ಸೀರೆ, ಬನಿಯನ್ನು, ಪ್ಲಾಸ್ಟಿಕ್ ಕವರು, ಫೋಟೊದ ಚೌಕಟ್ಟು ಎಲ್ಲವೂ ಕಲ್ಲಿಗೆ ಸಿಕ್ಕಿಕೊಂಡು ಅಲ್ಲೇ ಆಡುತ್ತಿರುತ್ತವೆ. ಬದುಕಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಪುರುಸೊತ್ತಿಲ್ಲದ ಮಗ ಮೂರು ಮುಳುಗು ಹಾಕಿ, ಅಪ್ಪನ ಬನಿಯನ್ನೂ ತನ್ನ ಪಾಪವನ್ನೂ ಒಂದೇ ಕೈಯಲ್ಲಿ ಎಸೆದು, ಬೈಪಾಸಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಹೊರಡುತ್ತಾನೆ. ಆಚೆ ಸೇತುವೆ ದಾಟುವ ಬಸ್ಸಿನವರು ನದಿಗೆ ನಾಣ್ಯ ಎಸೆದು ಕೈಮುಗಿಯುತ್ತಾರೆ. ಕೆಳಗೆ ಹುಡುಗರು ಆಯಸ್ಕಾಂತ ಕಟ್ಟಿದ ಹಗ್ಗ ಬಿಟ್ಟು ಆ ನಾಣ್ಯ ಎತ್ತುತ್ತಾರೆ. ನನ್ನನ್ನು ಕೇಳಿದರೆ ಇಡೀ ಘಟ್ಟದಲ್ಲಿ ದುಡಿದು ತಿನ್ನುವವರು ಆ ಹುಡುಗರೇ.

ನಾವು ತೊಳೆದ ಪಾಪ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಏನಿದೆಯೋ ಕಾಣೆ, ಜಲಮಂಡಳಿಯ ಬಳಿ ಸ್ಪಷ್ಟ ಉತ್ತರವಿದೆ. ಕೆಳಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಹೋಗುತ್ತದೆ. ಅಲ್ಲಿ ಸೋಸಿ, ಕ್ಲೋರಿನ್ ಹಾಕಿ, ಪಂಪು ಮಾಡಿ ಬೆಂಗಳೂರಿನ ನಲ್ಲಿಗೆ ಬಿಡುತ್ತಾರೆ. ಬೆಂಗಳೂರಿನವರು ಯಾಕೆ ಹಾಗೆ ಎಂದು ಹಳ್ಳಿಯವರು ಆಡಿಕೊಳ್ಳುವಾಗ ಈ ಪೈಪನ್ನು ವಸಿ ನೆನೆಸಿಕೊಳ್ಳಬೇಕು.

ನಮ್ಮನ್ನು ತಿದ್ದಲು ಬಂದವರಿಗೆ ಇಲ್ಲಿ ಎಂದೂ ಬರವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜರು ತೊಂಡನೂರಿಗೆ ಬಂದರು, ಮೇಲುಕೋಟೆಯಲ್ಲಿ ನೆಲೆಸಿದರು. ಅಸ್ಪೃಶ್ಯರೆಂದು ದೂರವಿಟ್ಟಿದ್ದವರನ್ನು 'ತಿರುಕುಲದವರು' ಎಂದು ಕರೆದು ಗುಡಿಯೊಳಗೆ ಬಿಡಿಸಿದರು ಎಂಬುದು ಐತಿಹ್ಯ. ಅಷ್ಟು ದೊಡ್ಡ ಕೆನೆಯನ್ನು ನಾವೇನು ಮಾಡಿದೆವು? ವರ್ಷಕ್ಕೆ ಮೂರು ದಿನ ಮಾತ್ರ ಪ್ರವೇಶ ಎಂದು ಅದನ್ನು ತೆಳು ಮಾಡಿ, ಆ ಮೂರು ದಿನವನ್ನೂ ಶತಮಾನಗಟ್ಟಲೆ ಸಂಪ್ರದಾಯವೆಂದು ಕಾಪಾಡಿಕೊಂಡು ಬಂದೆವು. ಮಿಕ್ಕ ದಿನ ದೇವರಿಗೆ ಮಡಿ, ನಮಗೆ ನೆಮ್ಮದಿ. ಆಚಾರ್ಯರು ಕೊಟ್ಟದ್ದನ್ನು ಇಲ್ಲವೆನ್ನಲಿಲ್ಲವಲ್ಲ, ಡಿಗ್ರಿ ಸರಿಯಾಗಿಯೇ ಇತ್ತು.

ಅವರಾದ ಮೇಲೆ ಹೆಸರು ಮಾಡಿದವರಲ್ಲಿ ನನಗೆ ಬಹಳ ಇಷ್ಟವಾದ ವ್ಯಕ್ತಿ ಅಬ್ಬೆ ದುಬೊಯಿಸ್. 1792ರಲ್ಲಿ ಫ್ರಾನ್ಸಿನಿಂದ ಇಂಡಿಯಾಕ್ಕೆ ಬಂದ ಪಾದ್ರಿ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದರು. ಗಂಜಾಂನಲ್ಲಿ ಅವರ ಹೆಸರಿನ ಇಗರ್ಜಿ ಈಗಲೂ ಇದೆ. ನಿಮಿಷಾಂಬೆಗೆ ಹೋಗುವವರು ಅದರ ಹತ್ತಿರವೇ ಹಾದುಹೋಗುತ್ತಾರೆ. ಒಂದು ನಿಮಿಷದಲ್ಲಿ ಕೆಲಸವಾಗುವ ದೇವರು ಪಕ್ಕದಲ್ಲೇ ಇರುವಾಗ ಮೂವತ್ತು ವರ್ಷ ಕಷ್ಟಪಟ್ಟವರ ಕಡೆ ಯಾರು ತಿರುಗಿ ನೋಡುತ್ತಾರೆ? ಈ ಮನುಷ್ಯ ನಮ್ಮಂತೆ ಬಟ್ಟೆ ಉಟ್ಟು, ಮಾಂಸ ಬಿಟ್ಟು, ನಮ್ಮ ಜೊತೆ ಬದುಕಿ, ಜನರ ಬಾಯಲ್ಲಿ 'ದೊಡ್ಡ ಸ್ವಾಮಿ'ಯಾದರು. ನಮ್ಮ ರೀತಿನೀತಿಯ ಬಗ್ಗೆ ಅವರು ಬರೆದ ದಪ್ಪ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡಿತು. ಕೊನೆಗೆ 1823ರಲ್ಲಿ ಊರಿಗೆ ಮರಳಿದಾಗ, ಈ ದೇಶದ ಜನರನ್ನು ತಮ್ಮ ಧರ್ಮಕ್ಕೆ ತಿರುಗಿಸುವುದು ಆಗದ ಮಾತು ಎಂದು ಪುಸ್ತಕ ಬರೆದು ಕೈಚೆಲ್ಲಿದರು. ಆದರೆ ಅದೇ ದುಬೊಯಿಸ್ ಸಿಡುಬಿನ ಚುಚ್ಚುಮದ್ದು ಹಾಕಿಸುತ್ತಾ ಊರೂರು ತಿರುಗಿದಾಗ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ತೋಳು ಚಾಚಿದರು. ಆತ್ಮ ಕೊಡುವುದಿಲ್ಲ ಸ್ವಾಮಿ, ತೋಳು ಬೇಕಾದರೆ ತಗೊಳ್ಳಿ. ಉಪದೇಶದ ಬಗ್ಗೆ ನಮ್ಮ ಜನರ ನಿಲುವು ಅಂದೂ ಇದೇ, ಇಂದೂ ಇದೇ.

ಗುಣ ಬದಲಿಸುವ ಬದಲು ಹೆಸರು ಬದಲಿಸುವುದು ಅಗ್ಗ. ಹಿರೋಡೆ ಫ್ರೆಂಚ್ ರಾಕ್ಸ್ ಆಯಿತು, ಆಮೇಲೆ ಪಾಂಡವಪುರವಾಯಿತು. ಅತ್ತಿಕುಪ್ಪೆ ಕೃಷ್ಣರಾಜಪೇಟೆಯಾಯಿತು. ಆ ಪೇಟೆಯಲ್ಲೇ 2019ರ ಡಿಸೆಂಬರಿನಲ್ಲಿ ಶಾಸಕರು ಪಕ್ಷ ಬಿಟ್ಟ ಕಾರಣಕ್ಕೆ ಉಪಚುನಾವಣೆ ನಡೆದು, ಅದೇ ಶಾಸಕರು ಬೇರೆ ಚಿಹ್ನೆಯಿಂದ ಗೆದ್ದು ಬಂದರು. ಇದನ್ನು ಬಯ್ಯುವವರಿಗೆ ಒಂದು ಮಾತು. ಹೈದರನ ಬಳಿ, ಟಿಪ್ಪುವಿನ ಬಳಿ, ಟಿಪ್ಪುವನ್ನು ಕೊಂದವರು ಕೂರಿಸಿದ ಒಡೆಯರ ಬಳಿ ಸರದಿಯಂತೆ ಕೆಲಸ ಮಾಡಿದ ಪೂರ್ಣಯ್ಯ ದಿವಾನರಾಗಿ ಹೆಸರು ಮಾಡಿದರು. ಆದರೆ ಒಂದು ವ್ಯತ್ಯಾಸ. ಪೂರ್ಣಯ್ಯ ದಿವಾನರಾಗಿದ್ದಾಗ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಶ್ರೀರಂಗಪಟ್ಟಣದಲ್ಲಿ ಇನ್ನೂ ನಿಂತಿದೆ. ಪಕ್ಷ ಬದಲಿಸುವವರು ಕಟ್ಟಿಸುವ ಕಾಮಗಾರಿ ಅಷ್ಟು ವರ್ಷ ಬಾಳುವಂತಿದ್ದರೆ ಬದಲಿಸಲಿ ಬಿಡಿ, ನಾವೇ ಹಾರ ಹಾಕುತ್ತೇವೆ.

ಚುನಾವಣೆ ಎಂದಾಗ ನೆನಪಾಯಿತು. ನಮ್ಮ ಸೀಮೆಯಲ್ಲಿ ನೀತಿ ಸತ್ತುಹೋಗಿದೆ ಎನ್ನುವವರು ಮತದಾನದ ಹಿಂದಿನ ರಾತ್ರಿ ಒಂದು ಹಳ್ಳಿಯಲ್ಲಿ ಮಲಗಬೇಕು. ಮಲಗಲು ಬಿಟ್ಟರೆ. ಹನ್ನೊಂದು ಗಂಟೆಗೆ ಬಾಗಿಲು ತಟ್ಟುತ್ತಾರೆ. ಒಬ್ಬನ ಕೈಯಲ್ಲಿ ಕವರು, ಇನ್ನೊಬ್ಬನ ಕೈಯಲ್ಲಿ ಮಂಜುನಾಥಸ್ವಾಮಿಯ ಫೋಟೊ. ಫೋಟೊ ಮುಟ್ಟಿ ಆಣೆ ಮಾಡಿದರೆ ಕವರು. ಲಂಚ ಕೊಡುವವನಿಗೂ ತೆಗೆದುಕೊಳ್ಳುವವನಿಗೂ ನಡುವೆ ಸಾಕ್ಷಿಯಾಗಿ ದೇವರನ್ನು ನಿಲ್ಲಿಸುವ ಧೈರ್ಯ ನಮ್ಮಲ್ಲಿದೆ. ಬೆಳಿಗ್ಗೆ ಮನೆಯಾತ ಹೆಂಡತಿಗೆ ಹೇಳುವ ಮಾತು ಕೇಳಿ: "ದುಡ್ಡು ಈಸ್ಕಂಡ್ ಮ್ಯಾಲೆ ಮೋಸ ಮಾಡಕ್ಕಾಯ್ತದಾ? ನಾಳಿಕೆ ದೇವ್ರು ಮೆಚ್ಚಾನಾ?" ಎರಡು ಕಡೆಯಿಂದಲೂ ಈಸ್ಕೊಂಡವನ ಧರ್ಮಸಂಕಟ ಇನ್ನೂ ದೊಡ್ಡದು. ಅವನು ಗಂಡನ ಓಟು ಅವರಿಗೆ, ಹೆಂಡತಿಯ ಓಟು ಇವರಿಗೆ ಎಂದು ಹಂಚಿ, ಯಾರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುತ್ತಾನೆ. ಮಾತಿಗೆ ತಪ್ಪಬಾರದು, ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಅಜ್ಜನ ಕಾಲದ ಕೆನೆ ಇನ್ನೂ ಉಳಿದಿದೆ. ಅದನ್ನು ಐನೂರಕ್ಕೆ ಕೊಡುತ್ತಿದ್ದೇವೆ ಅಷ್ಟೆ.

ಇದೇ ಜನ ಕೈಯಿಂದ ದುಡ್ಡು ಹಾಕಿ ಓಟು ಕೊಟ್ಟದ್ದೂ ಉಂಟು. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ ರೈತಸಂಘದಿಂದ ನಿಂತಾಗ 'ಒಂದು ಓಟು, ಒಂದು ನೋಟು' ಎಂದು ಕೇಳಿದರು. ಜನ ಎರಡನ್ನೂ ಕೊಟ್ಟರು. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಅವರು ಗೆದ್ದರು. ಅದೇ ಊರು, ಅದೇ ಮನೆ, ಅದೇ ಬಾಗಿಲು. ಒಬ್ಬ ಬಂದು ಕವರು ತೋರಿಸಿದರೆ ಕೈ ಚಾಚುತ್ತದೆ, ಇನ್ನೊಬ್ಬ ಬಂದು ಟವಲು ಒಡ್ಡಿದರೆ ಅದೇ ಕೈ ಜೇಬಿಗೆ ಹೋಗುತ್ತದೆ. ನಮ್ಮ ಜನ ಒಳ್ಳೆಯವರೋ ಕೆಟ್ಟವರೋ ಎಂದು ಕೇಳುವವರಿಗೆ ನಾನು ಕೇಳುವುದಿಷ್ಟೇ: ಬಾಗಿಲು ತಟ್ಟಿದವರು ಯಾರು?

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಮೂವರು ಸಂಶೋಧಕರು 2006ರಲ್ಲಿ ಒಂದು ಚಿಕ್ಕ ಪ್ರಯೋಗದ ವರದಿ ಪ್ರಕಟಿಸಿದರು. ಅವರ ವಿಭಾಗದಲ್ಲಿ ಕಾಫಿ ತಾವೇ ಬೆರೆಸಿಕೊಂಡು ಡಬ್ಬಿಗೆ ದುಡ್ಡು ಹಾಕುವ ಪದ್ಧತಿ. ನೋಡುವವರು ಯಾರೂ ಇಲ್ಲ. ಒಂದು ವಾರ ದರ ಬರೆದ ಚೀಟಿಯ ಮೇಲೆ ಹೂವಿನ ಚಿತ್ರ, ಇನ್ನೊಂದು ವಾರ ದಿಟ್ಟಿಸಿ ನೋಡುವ ಎರಡು ಕಣ್ಣಿನ ಚಿತ್ರ ಅಂಟಿಸಿದರು. ಕಣ್ಣಿದ್ದ ವಾರಗಳಲ್ಲಿ ಡಬ್ಬಿಗೆ ಬಿದ್ದ ದುಡ್ಡು ಹೆಚ್ಚೂಕಡಿಮೆ ಮೂರು ಪಟ್ಟು. ಓದಿದ ಪ್ರೊಫೆಸರುಗಳೇ ಕಾಗದದ ಕಣ್ಣಿಗೆ ಹೆದರುತ್ತಾರೆ ಎಂದು ಜಗತ್ತಿಗೆಲ್ಲ ಸೋಜಿಗ. ನಮಗೆ ಸೋಜಿಗವಿಲ್ಲ. 'ಇಲ್ಲಿ ಮೂತ್ರ ವಿಸರ್ಜಿಸಬಾರದು' ಎಂದು ಬರೆದು ಸೋತ ಕಾಂಪೌಂಡುಗಳಿಗೆಲ್ಲ ನಾವು ಆಗಲೇ ದೇವರ ಟೈಲ್ಸು ಅಂಟಿಸಿಯಾಗಿತ್ತು. ಗಣಪತಿ, ಶಿರಡಿ ಬಾಬಾ, ಏಸು, ಮೆಕ್ಕಾ ನಾಲ್ಕೂ ಒಂದೇ ಗೋಡೆಯ ಮೇಲೆ ಸೌಹಾರ್ದದಿಂದ ಕಾವಲು ಕೂತಿರುತ್ತವೆ. ಟೈಲ್ಸಿನ ಮುಂದೆ ಯಾರೂ ನಿಲ್ಲುವುದಿಲ್ಲ. ಎರಡು ಮಾರು ಎಡಕ್ಕೆ ಸರಿದು ನಿಲ್ಲುತ್ತಾರೆ.

ಆ ಎರಡು ಮಾರು ದೂರದಲ್ಲಿ ಏನೇನು ನಡೆಯುತ್ತದೆ ಎಂಬುದು 2023ರ ಕೊನೆಯಲ್ಲಿ ಗೊತ್ತಾಯಿತು. ಗೊತ್ತುಮಾಡಿದ್ದು ನಮ್ಮೂರಿನವರಲ್ಲ, ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು. ಮಂಡ್ಯದ ಬಳಿ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದರು, ಹೆಣ್ಣಾದರೆ ಮೈಸೂರಿಗೆ ಕಳಿಸಿ ತೆಗೆಸುತ್ತಿದ್ದರು ಎಂದು ಪೊಲೀಸರು ಹೇಳಿದರು. ಎರಡು ಮೂರು ವರ್ಷದಲ್ಲಿ ಸುಮಾರು 900 ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬಂತು. ತನಿಖೆ ಸಿಐಡಿಗೆ ಹೋಯಿತು. ಇಷ್ಟೆಲ್ಲ ಆಗಿ ಅರ್ಧ ವರ್ಷ ಕಳೆಯುವುದರೊಳಗೆ, 2024ರ ಮೇ ತಿಂಗಳಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯದೇ ವಸತಿಗೃಹದಲ್ಲಿ ಅದೇ ಕೆಲಸ ನಡೆಯುತ್ತಿದ್ದುದು ಪತ್ತೆಯಾಯಿತು. ಭ್ರೂಣಲಿಂಗ ಪತ್ತೆ ನಿಷೇಧದ ಕಾಯ್ದೆ 1994ರದು. ಅದರಂತೆ ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ 'ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಬೋರ್ಡು ಇರಲೇಬೇಕು. ಇದೆ ಕೂಡ. ಆಲೆಮನೆಗೆ ಅಂಥ ಬೋರ್ಡು ಬೇಕೆಂದು ಕಾಯ್ದೆ ಬರೆದವರಿಗೆ ಹೊಳೆಯಲಿಲ್ಲ. ಅವರು ಮಂಡ್ಯ ಜಿಲ್ಲೆಯವರಲ್ಲ.

ಆಲೆಮನೆ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಅದು ಗುಟ್ಟಿನ ಜಾಗವೇ ಅಲ್ಲ. ಸುತ್ತ ಗೋಡೆಯಿಲ್ಲದ ಸೂರು, ಊರಿಗೆಲ್ಲ ಹಬ್ಬುವ ಹೊಗೆ, ಒಂದು ಮೈಲಿಯಿಂದಲೇ ಮೂಗಿಗೆ ಬಡಿಯುವ ಪಾಕದ ವಾಸನೆ. ದಾರಿಯಲ್ಲಿ ಹೋಗುವವರು ಯಾರು ಒಳಗೆ ಬಂದರೂ ಒಂದು ಚೊಂಬು ಕಬ್ಬಿನ ಹಾಲು, ಎಲೆಯ ಮೇಲೆ ಒಂದು ಹಿಡಿ ಬಿಸಿ ಬೆಲ್ಲ ಕೊಡದೆ ಕಳಿಸುವುದು ಪದ್ಧತಿಯಲ್ಲ. ಬೆಲ್ಲಕ್ಕೆ ಈಗ ಬೆಂಡೆಗಿಡದ ಲೋಳೆಯ ಬದಲು ಹೈಡ್ರೋಸ್ ಬೀಳುತ್ತದೆ, ಕಬ್ಬು ಸಾಲದಿದ್ದರೆ ಸಕ್ಕರೆಯೂ ಬೀಳುತ್ತದೆ. ಅದು ಹೋಗಲಿ, ಹಾಲಿನ ಕಥೆಯೇ ಅದು. ನನಗೆ ಅರ್ಥವಾಗದ್ದು ಬೇರೆ. ಹೊಲದ ನಡುವಿನ ಆಲೆಮನೆಗೆ ಬೆಂಗಳೂರು ನಂಬರಿನ ಕಾರು ಬರುತ್ತದೆ. ಇಳಿಯುವ ಹೆಂಗಸು ಬೆಲ್ಲ ಕೊಳ್ಳುವುದಿಲ್ಲ, ಹಾಲು ಕುಡಿಯುವುದಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋಗುತ್ತಾಳೆ. ನಮ್ಮ ಕಡೆ ಹಸು ಗಬ್ಬಾದರೆ ಮೂರು ಊರಿಗೆ ಗೊತ್ತಾಗುತ್ತದೆ. ಇದು ಯಾರ ಕಣ್ಣಿಗೂ ಬೀಳಲಿಲ್ಲವೇ?

ಬಿದ್ದಿತ್ತು. ಕಂಡವರು ಅಂದದ್ದು ಒಂದೇ ಮಾತು. "ನಮ್ಗ್ಯಾಕ್ ಬುಡಿ."

ನಾಲ್ಕು ತಾಲ್ಲೂಕಿನ ನೀತಿಶಾಸ್ತ್ರವನ್ನೆಲ್ಲ ಕುದಿಸಿ ಅಚ್ಚಿಗೆ ಹುಯ್ದರೆ ಬರುವ ಬೆಲ್ಲ ಈ ಮಾತು. ತೂಕದಲ್ಲಿ ಮೋಸವಾದರೆ ನಮ್ಗ್ಯಾಕ್ ಬುಡಿ. ಬೇಬಿಬೆಟ್ಟದಲ್ಲಿ ಕಲ್ಲು ಸಿಡಿಸುವ ಸದ್ದಿಗೆ ಕನ್ನಂಬಾಡಿ ಕಟ್ಟೆಗೆ ಏನಾದೀತೋ ಎಂದು ರೈತಸಂಘದವರು ರಸ್ತೆಗಿಳಿದು ಕೂಗಿದಾಗ, ಕಟ್ಟೆಯಲ್ಲಿ 124.80 ಅಡಿ ನೀರು ನಿಂತರೆ ಸಿಹಿ ಹಂಚುವವರಲ್ಲಿ ಎಷ್ಟೋ ಜನರ ಬಾಯಲ್ಲಿ ಅದೇ ನಮ್ಗ್ಯಾಕ್ ಬುಡಿ. ನಾಗಮಂಗಲದಲ್ಲಿ 2024ರ ಸೆಪ್ಟೆಂಬರಿನ ಒಂದು ರಾತ್ರಿ ಗಣಪತಿಯನ್ನು ಬೀಳ್ಕೊಡುವ ಹೊತ್ತಿನಲ್ಲಿ ಕಲ್ಲು ತೂರಿ, ಅಂಗಡಿ ವಾಹನ ಸುಟ್ಟು ಬೆಳಗಾದಾಗ, ಕಲ್ಲು ಎತ್ತಿದ ಕೈ ಯಾವ ಮನೆಯದೆಂದು ಆ ಮನೆಯ ಅಮ್ಮಂದಿರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ.

ಮತ್ತೆ ಆಲೆಮನೆಯ ವಿಷಯಕ್ಕೇ ಬರೋಣ. ಹಿಂದಿನವರು ಅನಾಗರಿಕರು, ಒಪ್ಪಿದೆ. ಮೂರನೆಯದೂ ಹೆಣ್ಣಾದರೆ ಮುಖ ಸಿಂಡರಿಸಿ 'ಸಾಕಮ್ಮ' ಎಂದು ಹೆಸರಿಡುತ್ತಿದ್ದರು. ಇನ್ನು ಸಾಕು ಎಂದು ದೇವರಿಗೆ ಕೊಡುತ್ತಿದ್ದ ನೋಟಿಸು ಅದು. ಕನಿಷ್ಠ ಹೆಸರಿಡುತ್ತಿದ್ದರು. ಸಾಕಮ್ಮಂದಿರು ಬೆಳೆದು, ಗದ್ದೆ ನಾಟಿ ಮಾಡಿ, ಎಮ್ಮೆ ಕಟ್ಟಿ, ಹೆಸರಿಟ್ಟ ಅಪ್ಪನನ್ನು ಕೊನೆಗಾಲದಲ್ಲಿ ನೋಡಿಕೊಂಡರು. ನಾವು ವಿಜ್ಞಾನ ಓದಿದವರು. ಹೆಸರಿಡುವ ತನಕ ಬಿಡುವುದಿಲ್ಲ.

ಇದರ ಲೆಕ್ಕ ಎಲ್ಲೋ ಬರಲೇಬೇಕಲ್ಲ. ಬಂದದ್ದು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ. 2022ರ ನವೆಂಬರಿನಲ್ಲಿ ಅಲ್ಲಿ ಒಕ್ಕಲಿಗರ ವಧು-ವರ ಸಮಾವೇಶ ನಡೆಯಿತು. ಹೆಸರು ಬರೆಸಿದ ಗಂಡುಗಳು ಹತ್ತು ಸಾವಿರಕ್ಕೂ ಹೆಚ್ಚು. ಹೆಣ್ಣುಗಳು ಸುಮಾರು 250. ಮೂರು ತಿಂಗಳು ಕಳೆದು 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಎಂದು ಬೇಡಿಕೊಂಡು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅಷ್ಟೂ ಆಲೆಮನೆಯ ಫಲ ಎಂದರೆ ತಪ್ಪಾಗುತ್ತದೆ. ಓದಿದ ಹುಡುಗಿಗೆ ಸಗಣಿ ಬಾಚುವ ಮನೆ ಬೇಡವಾಗಿದೆ, ಅವಳ ಅಪ್ಪ ರೈತನಾದರೂ ಅಳಿಯ ರೈತನಾಗುವುದು ಅವನಿಗೂ ಬೇಡವಾಗಿದೆ. ಆದರೂ ಮಾದಪ್ಪನಿಗೆ ಎಂಥ ಪೇಚು ನೋಡಿ. ಅಪ್ಪ ಬಂದು ಗಂಡು ಕೊಡು ಎಂದು ಉರುಳು ಸೇವೆ ಮಾಡಿದ. ಇಪ್ಪತ್ತೈದು ವರ್ಷ ಬಿಟ್ಟು ಅದೇ ಗಂಡು ಬಂದು ಹೆಣ್ಣು ಕೊಡು ಎನ್ನುತ್ತಿದ್ದಾನೆ. ದೇವರಾದರೂ ಸ್ಟಾಕು ಎಲ್ಲಿಂದ ತಂದಾನು?

ಹಾಗಾದರೆ ನಮ್ಮನ್ನು ಒಳ್ಳೆಯವರನ್ನಾಗಿ ಮಾಡುವುದು ಹೇಗೆ ಎಂದು ನೀವು ಕೇಳಬಹುದು. ಮೇಲುಕೋಟೆಯಲ್ಲಿ 1960ರಿಂದ ಜನಪದ ಸೇವಾ ಟ್ರಸ್ಟಿನವರು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಾರೆ, ಬೇಕಾದರೆ ಹೋಗಿ ನೋಡಿ. ವೈರಮುಡಿಗೆ ಬರುವ ಲಕ್ಷಾಂತರ ಜನರಲ್ಲಿ ಆ ಕಡೆ ಹೋಗುವವರು ಕೈಬೆರಳೆಣಿಕೆಯಷ್ಟು. ಪುಳಿಯೋಗರೆ ಅಂಗಡಿ ಆ ಬೀದಿಯಲ್ಲಿಲ್ಲ. ನನ್ನ ಬಳಿ ಅಂಥ ದೊಡ್ಡ ಉತ್ತರವೇನೂ ಇಲ್ಲ. ಒಂದು ಅನುಭವವಿದೆ, ಹೇಳಲು ನಾಚಿಕೆಯಾಗುತ್ತದೆ.

ಹೋದ ವರ್ಷ ಒಂದು ಮಳೆಗಾಲದ ಬೆಳಿಗ್ಗೆ ನನ್ನ ಕ್ಯಾನಿನಲ್ಲಿ ಸ್ವಲ್ಪ ನೀರಿತ್ತು. ಕ್ಯಾನು ತೊಳೆದಾಗ ಉಳಿದ ನೀರು ಎಂದು ನಾನು ನನಗೇ ಹೇಳಿಕೊಂಡಿದ್ದೆ. ಎರಡು ಲೋಟ ಉಳಿದಿತ್ತು. ದೊಡ್ಡಪ್ಪನ ಸೂತ್ರದಂತೆ ಕೆನೆಯನ್ನೂ ತೆಗೆದಿದ್ದೆ. ಕಡ್ಡಿ ಸಾಕ್ಷಾತ್ 28ಕ್ಕೆ ನಿಂತಿತು. ಸೆಕ್ರೆಟರಿ ಬರೆದುಕೊಂಡ. ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಮೂಲೆಮನೆ ಅಜ್ಜಿ ನನ್ನ ಕ್ಯಾನಿಗೆ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ನೋಡಿ, ಸಾಲಿಗೆಲ್ಲ ಕೇಳುವಂತೆ ಕೇಳಿತು: "ಯಾಕ್ಲಾ ಮಗಾ, ನಿನ್ ಎಮ್ಮೆ ರಾತ್ರಿಯೆಲ್ಲಾ ಮಳೇಲಿ ನೆಂದಿತ್ತಾ?"

ಮೂವತ್ತು ಜನ ಈ ಸಲ ಆಕಾಶ ನೋಡಲಿಲ್ಲ, ನನ್ನನ್ನೇ ನೋಡಿದರು. ಟಿ.ಸಿ.ಯಲ್ಲಿ ಉತ್ತಮ, ಗೆಜೆಟೆಡ್ ಅಧಿಕಾರಿಯ ಸಹಿ, ಪಶ್ಚಿಮವಾಹಿನಿಯ ಮೂರು ಮುಳುಗು ಯಾವುದೂ ಆ ಹೊತ್ತಿಗೆ ಒದಗಲಿಲ್ಲ. ಅಜ್ಜಿಗೆ ನನ್ನ ಮೇಲೆ ಹಗೆಯಿಲ್ಲ. ಸಂಜೆ ಅದೇ ಅಜ್ಜಿ ನನ್ನ ಮಗಳಿಗೆ ಸಪೋಟ ಕೊಟ್ಟು ಕಳಿಸಿತು. ನಮ್ಗ್ಯಾಕ್ ಬುಡಿ ಎನ್ನಲು ಅದಕ್ಕೆ ಬರುವುದಿಲ್ಲ, ಅಷ್ಟೆ. ಅಜ್ಜಿಯ ಹೆಸರು ಸಾಕಮ್ಮ ಎಂದು ಬರೆದರೆ ನಾನು ಕಥೆ ಕಟ್ಟುತ್ತಿದ್ದೇನೆ ಎನ್ನುತ್ತೀರಿ, ಅದಕ್ಕೇ ಹೆಸರು ಬರೆಯುವುದಿಲ್ಲ. ಅವತ್ತಿನಿಂದ ನನ್ನ ಕ್ಯಾನಿನಲ್ಲಿ ಹಾಲು ಬಿಟ್ಟು ಬೇರೆ ಏನೂ ಇರಲಿಲ್ಲ. ನಾನು ಸುಧಾರಿಸಿದೆ ಎಂದು ಹೆಂಡತಿಗೂ ಅನ್ನಿಸಿತ್ತು.

ಹೋದ ತಿಂಗಳಿಂದ ಅಜ್ಜಿಗೆ ಮಂಡಿನೋವು, ಡೇರಿಗೆ ಬರುತ್ತಿಲ್ಲ. ಸೊಸೆ ಬರುತ್ತಾಳೆ. ಸಾಲಿನಲ್ಲಿ ಫೋನು ನೋಡುತ್ತಾ ನಿಂತಿರುತ್ತಾಳೆ. ನೀವು ಯಾರಾದರೂ ಬೆಳಿಗ್ಗೆ ಆರರ ಹೊತ್ತಿಗೆ ಪಾಂಡವಪುರದ ಈ ಕಡೆ ಬಂದರೆ, ದಯವಿಟ್ಟು ಒಂದು ನಿಮಿಷ ಡೇರಿ ಹತ್ತಿರ ಗಾಡಿ ನಿಲ್ಲಿಸಿ, ನನ್ನ ಕ್ಯಾನಿಗೆ ಒಂದು ಬೆರಳು ಅದ್ದಿ ಹೋಗಿ.